ಜೋಳ ಎಂದರೆ ಯಾವ ಜೋಳ?

ಹಾವೇರಿ ಕಡೆಯ ರೈತ ‘ಜೋಳ’ ಎಂದರೆ ಅದು ರೊಟ್ಟಿಯ ಜೋಳ, ಬಿಳಿಜೋಳ. ಸಿಪ್ಪೆ ಹೊದ್ದ ತೆನೆಯ ಇನ್ನೊಂದು ಬೆಳೆಗೆ ಅವನಲ್ಲಿ ‘ಗೋವಿನಜೋಳ’ ಎಂಬ ಬೇರೆಯೇ ಹೆಸರಿದೆ. ರಾಣೆಬೆನ್ನೂರು ಬಿಟ್ಟು ತುಂಗಭದ್ರೆ ದಾಟಿ ಹರಿಹರ, ದಾವಣಗೆರೆಗೆ ಹೋದರೆ ಅದೇ ಬೆಳೆ ‘ಮೆಕ್ಕೆಜೋಳ’ವಾಗುತ್ತದೆ. ಮೈಸೂರು ಸೀಮೆಯಲ್ಲೂ ಕೃಷಿ ಇಲಾಖೆಯ ಕಾಗದಗಳಲ್ಲೂ ಅದು ‘ಮುಸುಕಿನ ಜೋಳ’. ಬೆಂಗಳೂರಿನ ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು ತಿಕ್ಕಿ ಕೊಡುವಾಗ ಬರೀ ‘ಜೋಳ’. ಅಂದರೆ ಒಂದು ಪದಕ್ಕೆ ಎರಡು ಬೆಳೆ, ಒಂದು ಬೆಳೆಗೆ ಮೂರು ನಾಲ್ಕು ಪದ. ಮೊದಲನೆಯದನ್ನು ನಾನಾರ್ಥ ಎನ್ನುತ್ತೇವೆ, ಎರಡನೆಯದನ್ನು ಸಮಾನಾರ್ಥ ಎನ್ನುತ್ತೇವೆ. ಶಾಲೆಯ ವ್ಯಾಕರಣದಲ್ಲಿ ಎರಡನ್ನೂ ಬೇರೆ ಬೇರೆ ಪಾಠವಾಗಿ ಕಲಿಸುತ್ತೇವೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಾತನ್ನು ಹತ್ತಿರದಿಂದ ನೋಡಿದರೆ ಇವೆರಡೂ ಒಂದೇ ಕಥೆಯ ಎರಡು ಭಾಗ ಎಂದು ಕಾಣುತ್ತದೆ. ಒಂದು ಪದದ ಮೇಲೆ ಅರ್ಥಗಳ ಭಾರ ಹೆಚ್ಚಾದಾಗ, ಆ ಭಾರ ಕೆಲಸಕ್ಕೆ ಅಡ್ಡಿಯಾದಾಗ, ಜನ ಹೊಸ ಪದ ಹುಡುಕುತ್ತಾರೆ. ಪ್ರತಿಯೊಂದು ಸೀಮೆಯೂ ತನ್ನದೇ ರೀತಿಯಲ್ಲಿ ಹುಡುಕುವುದರಿಂದ ಸೀಮೆಗೊಂದು ಸಮಾನಾರ್ಥ ಹುಟ್ಟುತ್ತದೆ. ಪ್ರಾದೇಶಿಕ ಪದಗಳನ್ನು ‘ಅಶುದ್ಧ’ವೆಂದು ಬದಿಗೆ ಸರಿಸುವವರು ಇದನ್ನು ಗಮನಿಸಬೇಕು: ಅವುಗಳಲ್ಲಿ ಬಹಳಷ್ಟು ಪದಗಳು ಗೊಂದಲ ನಿವಾರಿಸಲೆಂದೇ ಬಂದವು.

ಮೊದಲು, ಸಂಬಂಧವೇ ಇಲ್ಲದ ಅರ್ಥಗಳು ಒಂದೇ ಪದದಲ್ಲಿ ಬಂದು ಸೇರುವುದು ಹೇಗೆ ಎಂಬುದನ್ನು ನೋಡಬೇಕು. ಕನ್ನಡದಲ್ಲಿ ಇದಕ್ಕೆ ದೊಡ್ಡ ಕಾರಣ ಉಚ್ಚಾರದ ಚರಿತ್ರೆ. ಹಳಗನ್ನಡದಲ್ಲಿ ರ ಮತ್ತು ಱ ಬೇರೆ, ಳ ಮತ್ತು ೞ ಬೇರೆ. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಪೊಳೆ’ ಎಂದರೆ ಮಿನುಗು, ‘ಪೊೞೆ’ ಎಂದರೆ ನದಿ. ‘ಕರೆ’ ಎಂದರೆ ಕೂಗಿ ಕರೆ, ‘ಕಱೆ’ ಎಂದರೆ ಹಾಲು ಕರೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ೞ ಆಡುಮಾತಿನಲ್ಲಿ ಕರಗಿತ್ತು. ಱ ಬರವಣಿಗೆಯಲ್ಲಿ ಇನ್ನೂ ಕೆಲವು ಶತಮಾನ ಉಳಿದು ಆಮೇಲೆ ಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರಗಳ ಬಳಕೆಯನ್ನು ಅಷ್ಟು ಕಾಳಜಿಯಿಂದ ವಿವರಿಸಿದ್ದೇ ಆ ಹೊತ್ತಿಗೆ ಬರೆಯುವವರಿಗೂ ವ್ಯತ್ಯಾಸ ಮಸುಕಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ. ಇದು ಇಡೀ ಕನ್ನಡಕ್ಕೆ ಆದದ್ದು. ಅದರ ಮೇಲೆ ಉತ್ತರದ ಮಾತಿನಲ್ಲಿ ಇನ್ನೊಂದು ಬದಲಾವಣೆ ಸೇರಿತು: ಪದದ ಕೊನೆಯ ‘ಎ’ಕಾರ ‘ಇ’ಕಾರವಾಯಿತು. ಮನೆ ‘ಮನಿ’ಯಾಯಿತು, ಮಳೆ ‘ಮಳಿ’ಯಾಯಿತು. ಆಗ ದಕ್ಷಿಣದಲ್ಲಿ ಬೇರೆಯಾಗಿಯೇ ಉಳಿದ ಜೋಡಿಗಳೂ ಇಲ್ಲಿ ಒಂದಾದವು. ಒಲೆಯೂ ‘ಒಲಿ’, ಪ್ರೀತಿಸು ಎಂಬ ಅರ್ಥದ್ದೂ ‘ಒಲಿ’. ಆ ಕಡೆಯ ‘ಕಡಿ’ ಮತ್ತು ಕೊಡಲಿಯಿಂದ ‘ಕಡಿ’ ಒಂದೇ. ಅಳತೆ ಮಾಡುವ ‘ಅಳಿ’, ನಾಶವಾಗುವ ‘ಅಳಿ’ ಒಂದೇ. ಕೂಗಿ ಕರೆಯುವುದೂ ‘ಕರಿ’, ಎಣ್ಣೆಯಲ್ಲಿ ಕರಿಯುವುದೂ ‘ಕರಿ’, ಕಪ್ಪು ಬಣ್ಣವೂ ‘ಕರಿ’, ಸಂಸ್ಕೃತದಿಂದ ಬಂದ ಆನೆಯೂ ‘ಕರಿ’. ಇವುಗಳಲ್ಲಿ ಕಪ್ಪು ಮತ್ತು ಕರಿಯುವುದು ಒಂದೇ ಬೇರಿನವು, ಸುಟ್ಟು ಕಪ್ಪಾಗುವುದರಿಂದ ಬಂದವು. ಉಳಿದವಕ್ಕೆ ನೆಂಟಸ್ತಿಕೆ ಇಲ್ಲ.

ಈ ವ್ಯತ್ಯಾಸ ಮುಖ್ಯ. ಹಲವು ಅರ್ಥವಿರುವ ಪದಗಳೆಲ್ಲ ಒಂದೇ ಜಾತಿಯವಲ್ಲ. ಒಂದು ಬೇರಿನಿಂದ ಕವಲೊಡೆದವು ಕೆಲವು, ಎಲ್ಲಿಂದಲೋ ಬಂದು ಆಕಸ್ಮಿಕವಾಗಿ ಒಂದೇ ರೂಪ ತಾಳಿದವು ಕೆಲವು. ಹಾವೇರಿ ಮಾತಿನ ‘ಹತ್ತು’ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ‘ಹತ್ತ ಮಂದಿ ಬಸ್ ಹತ್ತಾಕ ಹತ್ಯಾರ’ ಎಂಬ ವಾಕ್ಯದಲ್ಲಿ ಆ ಪದ ಮೂರು ಸಲ ಬರುತ್ತದೆ: ಒಮ್ಮೆ ಸಂಖ್ಯೆಯಾಗಿ, ಒಮ್ಮೆ ಏರು ಎಂಬ ಅರ್ಥದಲ್ಲಿ, ಒಮ್ಮೆ ಕೆಲಸ ನಡೆಯುತ್ತಿದೆ ಎಂದು ಸೂಚಿಸಲು. ಸಂಖ್ಯೆಗೂ ಉಳಿದವಕ್ಕೂ ಸಂಬಂಧವಿಲ್ಲ. ಆದರೆ ಏರುವುದು, ಬೆಂಕಿ ಹತ್ತುವುದು, ರುಚಿ ಹತ್ತುವುದು, ‘ಮನಿ ಕಟ್ಟಾಕ ಭಾಳ ರೊಕ್ಕ ಹತ್ತತೈತಿ’ ಎನ್ನುವಾಗಿನ ಖರ್ಚು, ‘ಮಾಡಾಕ ಹತ್ತೀನಿ’ ಎನ್ನುವಾಗಿನ ತೊಡಗುವಿಕೆ ಎಲ್ಲವೂ ‘ಅಂಟಿಕೊಳ್ಳು’ ಎಂಬ ಹಳೆಯ ‘ಪತ್ತು’ವಿನ ಮಕ್ಕಳು. ಅದರ ಇನ್ನೊಂದು ರೂಪ ‘ಹಚ್ಚು’ ಕೂಡ ಹಾಗೆಯೇ. ದೀಪ ಹಚ್ಚು, ಎಣ್ಣಿ ಹಚ್ಚು, ಹುಡುಗನ್ನ ಸಾಲಿಗೆ ಹಚ್ಚು, ಫೋನ್ ಹಚ್ಚು, ಗಿಡ ಹಚ್ಚು. ಕೊನೆಯದನ್ನು ಕೇಳಿದ ಮೈಸೂರಿನವರು ಬೆಚ್ಚಬಹುದು; ಹಾವೇರಿಯಲ್ಲಿ ಅದರ ಅರ್ಥ ಸಸಿ ನೆಡುವುದು, ಮತ್ತು ಇಲ್ಲಿ ‘ಗಿಡ’ ಎಂದರೆ ದೊಡ್ಡ ಬೇವಿನ ಮರವೂ ಹೌದು. ‘ಎಡಿ’ಯೂ ಇದೇ ಬಗೆ. ಬೆಳೆಯ ಸಾಲುಗಳ ನಡುವೆ ಕುಂಟೆ ಹೊಡೆದು ಕಳೆ ತೆಗೆಯುವುದು ‘ಎಡಿ ಹೊಡಿಯೂದು’, ದೇವರಿಗೆ ಅಡುಗೆ ಅರ್ಪಿಸುವುದು ‘ಎಡಿ ಹಿಡಿಯೂದು’. ಎರಡರ ಹಿಂದೆಯೂ ಇರುವುದು ಸ್ಥಳ, ನಡುವಿನ ಜಾಗ ಎಂಬ ಹಳೆಯ ‘ಎಡೆ’. ‘ರಾಶಿ’ಯ ಕಥೆ ಇನ್ನೂ ಸೊಗಸು. ಹಾನಗಲ್ ತಾಲ್ಲೂಕಿನ ರೈತ ‘ರಾಶಿ ನಡದೈತಿ’ ಎಂದರೆ ಒಕ್ಕಣೆ ನಡೆಯುತ್ತಿದೆ ಎಂದರ್ಥ. ಪಶ್ಚಿಮಕ್ಕೆ ಘಟ್ಟದ ಕಡೆ ಸರಿದು ಶಿರಸಿ ಸೇರಿದರೆ ‘ರಾಶಿ ಚಲೋ’ ಎಂದರೆ ಬಹಳ ಚೆನ್ನಾಗಿದೆ. ಅಲ್ಲಿಯ ಅಡಿಕೆ ವ್ಯಾಪಾರದಲ್ಲಿ ‘ರಾಶಿ’ ಒಂದು ದರ್ಜೆಯ ಹೆಸರು. ಜ್ಯೋತಿಷಿಯ ಬಳಿ ಮೇಷ, ವೃಷಭ. ಎಲ್ಲವೂ ‘ಗುಡ್ಡೆ’ ಎಂಬ ಒಂದೇ ಅರ್ಥದಿಂದ ಹೊರಟು, ಹೋದಲ್ಲೆಲ್ಲ ಅಲ್ಲಿಯ ಕಸುಬನ್ನು ಹಿಡಿದುಕೊಂಡವು.

ಇಷ್ಟೊಂದು ಅರ್ಥಗಳು ಸೇರಿಕೊಂಡರೂ ಮಾತು ಕೆಡುವುದಿಲ್ಲವೇಕೆ? ಫ್ರಾನ್ಸಿನ ಉಪಭಾಷೆಗಳನ್ನು ಅಧ್ಯಯನ ಮಾಡಿದ ಜ್ಯೂಲ್ ಜಿಲಿಯೆರೋನ್ ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಒಳ್ಳೆಯ ಉತ್ತರ ಕೊಟ್ಟ. ಅವನ ಸಹಾಯಕ ಎಡ್ಮಂ ಎಡ್ಮೋಂ 1897ರಿಂದ 1901ರವರೆಗೆ 639 ಊರು ಸುತ್ತಿ ಜನ ಯಾವುದಕ್ಕೆ ಏನೆನ್ನುತ್ತಾರೆ ಎಂದು ಬರೆದುಕೊಂಡು ಬಂದಿದ್ದ. ಆ ನಕ್ಷೆಗಳಲ್ಲಿ ಒಂದು ವಿಚಿತ್ರ ಕಂಡಿತು. ನೈಋತ್ಯದ ಗ್ಯಾಸ್ಕನಿಯಲ್ಲಿ ಉಚ್ಚಾರ ಬದಲಾಗಿ ಹುಂಜಕ್ಕೂ ಬೆಕ್ಕಿಗೂ ‘ಗತ್’ ಎಂಬ ಒಂದೇ ರೂಪ ಬರಬೇಕಿತ್ತು. ಸರಿಯಾಗಿ ಅದೇ ಸೀಮೆಯಲ್ಲಿ ಜನ ಹುಂಜಕ್ಕೆ ಹಳೆಯ ಹೆಸರು ಬಿಟ್ಟು ಒಂದು ಕಾಡುಕೋಳಿಯ ಹೆಸರನ್ನೋ ಚರ್ಚಿನ ಕಿರಿಯ ಪಾದ್ರಿಯ ಹೆಸರನ್ನೋ ಬಳಸುತ್ತಿದ್ದರು. ಬೆಕ್ಕು, ಹುಂಜ ಎರಡೂ ಒಂದೇ ಅಂಗಳದಲ್ಲಿರುವ ಪ್ರಾಣಿಗಳು. ‘ಗತ್ ಸತ್ತಿತು’ ಎಂದರೆ ಯಾವುದು ಸತ್ತಿತು ಎಂದು ತಿಳಿಯದು. ಆದ್ದರಿಂದ ಒಂದು ಜಾಗ ಬಿಡಬೇಕಾಯಿತು. ಇದರಿಂದ ಹೊರಡುವ ತತ್ವ ಸರಳ: ಎರಡು ಅರ್ಥಗಳು ಒಂದೇ ಅಂಗಳದಲ್ಲಿ, ಒಂದೇ ವಾಕ್ಯದಲ್ಲಿ ಎದುರಾದರೆ ಮಾತ್ರ ನಾನಾರ್ಥ ತೊಂದರೆ ಕೊಡುತ್ತದೆ, ಎದುರಾಗದಿದ್ದರೆ ಸಾವಿರ ವರ್ಷವಾದರೂ ಜೊತೆಗೇ ಬಾಳುತ್ತವೆ. ವರದಾ ‘ಹೊಳಿ’ಗೂ ಚಿನ್ನ ‘ಹೊಳಿ’ಯುವುದಕ್ಕೂ ಹಾವೇರಿಯಲ್ಲಿ ಜಗಳವಿಲ್ಲ, ಒಂದು ನಾಮಪದ, ಇನ್ನೊಂದು ಕ್ರಿಯೆ. ಅವ್ವನನ್ನು ‘ಕರಿ’ಯುವುದಕ್ಕೂ ಹಪ್ಪಳ ‘ಕರಿ’ಯುವುದಕ್ಕೂ ಜಗಳವಿಲ್ಲ. ಆದರೆ ‘ಆಕಳ ಕರಿ’ ಎಂದರೆ? ಕೂಗಬೇಕೋ, ಹಾಲು ಕರೆಯಬೇಕೋ? ಬಣ್ಣ ಹೇಳಿದ್ದೂ ಆಗಬಹುದು. ಇಲ್ಲಿ ಅರ್ಥಗಳು ಒಂದೇ ಹಟ್ಟಿಯಲ್ಲಿ ಮುಖಾಮುಖಿಯಾಗುತ್ತವೆ. ಮತ್ತು ಸರಿಯಾಗಿ ಇಲ್ಲಿಯೇ ಉತ್ತರದ ಮಾತು ದಾರಿ ಬದಲಿಸಿದೆ: ಈ ಕಡೆಯವರು ‘ಆಕಳ ಹಿಂಡು’ ಎನ್ನುತ್ತಾರೆ, ‘ಎಮ್ಮಿ ಹಿಂಡ್ಯಾರ’ ಎನ್ನುತ್ತಾರೆ.

ಇದಕ್ಕೆ ಆಕ್ಷೇಪ ಬರುವುದು ಸಹಜ. ಹಳೆ ಮೈಸೂರಿನಲ್ಲೂ ಱ ಹೋಯಿತು, ಅಲ್ಲೂ ಕೂಗುವ ಕರೆ, ಹಾಲಿನ ಕರೆ ಒಂದಾದವು. ಆದರೂ ಅವರು ‘ಹಾಲು ಕರೆಯುವುದು’ ಎಂದೇ ಹೇಳುತ್ತಾ ಬಂದಿದ್ದಾರಲ್ಲ? ನಿಜ. ಆದರೆ ಅವರ ಮಾತಿನಲ್ಲಿ ‘ಕರೆ’ಯ ಕೊನೆಯ ಎಕಾರ ಉಳಿದಿದೆ, ಆದ್ದರಿಂದ ಕಪ್ಪು, ಎಣ್ಣೆಯ ‘ಕರಿ’ಗಳು ಬೇರೆಯಾಗಿಯೇ ಇವೆ, ಭಾರ ಅಷ್ಟರಮಟ್ಟಿಗೆ ಕಡಿಮೆ. ಅವರೂ ಬರೀ ‘ಹಸು ಕರೆ’ ಎಂದು ನಿಲ್ಲಿಸುವುದು ಅಪರೂಪ, ‘ಹಾಲು’ ಸೇರಿಸಿ ಹೇಳುತ್ತಾರೆ. ಒಂದು ಸೀಮೆ ಪದ ಬದಲಿಸಿತು, ಇನ್ನೊಂದು ಸೀಮೆ ಪದಕ್ಕೆ ಊರುಗೋಲು ಕೊಟ್ಟಿತು. ಸಮಸ್ಯೆಯನ್ನು ಎರಡೂ ಗುರುತಿಸಿವೆ. ಉಚ್ಚಾರದ ಬದಲಾವಣೆಯೊಂದೇ ‘ಹಿಂಡು’ವಿನ ಗೆಲುವಿಗೆ ಕಾರಣ ಎಂದು ನಾನು ವಾದಿಸುವುದಿಲ್ಲ. ಆದರೆ ಎಲ್ಲಿ ಭಾರ ಹೆಚ್ಚೋ ಅಲ್ಲಿಯೇ ಹೊಸ ಪದ ನಿಂತಿದೆ ಎಂಬುದನ್ನು ಬರೀ ಕಾಕತಾಳೀಯ ಎಂದು ತಳ್ಳಿಹಾಕುವುದೂ ಕಷ್ಟ. ಇನ್ನೊಂದು ಮಾತು: ಪರಿಹಾರವಾಗಿ ಬಂದ ‘ಹಿಂಡು’ ಕೂಡ ನಿರಾಳವಾಗಿಲ್ಲ. ಅರಿವೆ ಹಿಂಡುವುದಿದೆ, ದನದ ಹಿಂಡು ಇದೆ. ಭಾಷೆಯಲ್ಲಿ ಗಂಟು ಪೂರ್ತಿ ಬಿಚ್ಚುವುದಿಲ್ಲ. ತೊಂದರೆ ಕೊಡದ ಜಾಗಕ್ಕೆ ಸರಿಯುತ್ತದೆ.

ಈ ತತ್ವ ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಹಾವೇರಿ ಜಿಲ್ಲೆಯ ಹೊಲಕ್ಕಿಂತ ಒಳ್ಳೆಯ ಜಾಗವಿಲ್ಲ. ಇಂದು ಇಲ್ಲಿ ಬೆಳೆಯುವ ಗೋವಿನಜೋಳ, ಮೆಣಸಿನಕಾಯಿ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಭಾರತದ ಕರಾವಳಿಗೆ ಕಾಲಿಟ್ಟ ನಂತರ ಹರಡಿದವು. ಹೊಸ ಬೆಳೆ ಬಂದಾಗ ಜನ ಮೊದಲು ಮಾಡುವುದು ಹಳೆಯ ಹೆಸರನ್ನೇ ಹೊದಿಸುವುದು. ‘ಮೆಣಸು’ ಎಂಬುದು ಹಳಗನ್ನಡದಲ್ಲಿ ಮಲೆನಾಡಿನ ಬಳ್ಳಿಯ ಕಾಳು. ಖಾರ ಕೊಡುವ ಕೆಂಪು ಕಾಯಿ ಬಂದಾಗ ಅದಕ್ಕೂ ಅದೇ ಹೆಸರು ಹತ್ತಿತು, ಒಂದೇ ಮಸಾಲೆ ಡಬ್ಬಿಯಲ್ಲಿ ಎರಡು ಮೆಣಸು ಕೂಡಿದವು. ಆಗ ಪ್ರತಿ ಸೀಮೆಯೂ ತನ್ನ ದಾರಿ ನೋಡಿಕೊಂಡಿತು. ಬಯಲುಸೀಮೆ ಹೊಸದನ್ನು ‘ಮೆಣಸಿನಕಾಯಿ’ ಎಂದು ಬೇರೆ ಮಾಡಿತು. ಕರಾವಳಿ ‘ಮೆಣಸು’ ಎಂಬ ಹೆಸರನ್ನು ಹೊಸದಕ್ಕೇ ಕೊಟ್ಟು, ಹಳೆಯದನ್ನು ‘ಒಳ್ಳೆಮೆಣಸು’ ಎಂದು ಗೌರವದಿಂದ ಕರೆಯಿತು. ಉಳಿದ ಕಡೆ ಹಳೆಯದಕ್ಕೆ ‘ಕಾಳು’, ‘ಕರಿ’ ಎಂಬ ವಿಶೇಷಣಗಳು ಸೇರಿದವು. ಹದಿನಾರನೆಯ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಕೊಟ್ಟ ಬಿರುದನ್ನು ಇಂದು ಕನ್ನಡದಲ್ಲಿ ‘ಕರಿಮೆಣಸಿನ ರಾಣಿ’ ಎಂದೇ ಬರೆಯಬೇಕಾಗಿದೆ. ಬರೀ ‘ಮೆಣಸಿನ ರಾಣಿ’ ಎಂದರೆ ಓದುಗರ ಮನಸ್ಸು ಬ್ಯಾಡಗಿಗೆ ಬಂದುಬಿಡುತ್ತದೆ.

ಬ್ಯಾಡಗಿಗೆ ಬಂದ ಮೇಲೆ ಆ ಮಾರುಕಟ್ಟೆಯ ಒಳಗೂ ಒಂದು ಹೆಜ್ಜೆ ಇಡಬೇಕು. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಲ್ಲಿಯ ಮೆಣಸಿನಕಾಯಿಯಲ್ಲಿ ಎರಡು ಮುಖ್ಯ ಬಗೆ: ಡಬ್ಬಿ ಮತ್ತು ಕಡ್ಡಿ. ಗಿಡ್ಡಗೆ, ದುಂಡಗೆ, ಸುಕ್ಕುಗಟ್ಟಿದ ಮೈಯ, ಒಳಗೆ ಬೀಜ ತುಂಬಿದ ಕಾಯಿ ಡಬ್ಬಿ. ತೆಳ್ಳಗೆ, ಉದ್ದಕ್ಕೆ, ಬೀಜ ಕಡಿಮೆ ಇರುವುದು ಕಡ್ಡಿ. ಅಡುಗೆಮನೆಯಲ್ಲಿ ಡಬ್ಬಿ ಎಂದರೆ ಪಾತ್ರೆ, ಕಡ್ಡಿ ಎಂದರೆ ಬೆಂಕಿ ಗೀರುವುದು. ಆದರೆ ಮಾರುಕಟ್ಟೆಯ ಅಂಗಳದಲ್ಲಿ ಆ ಅರ್ಥಗಳಿಗೆ ಪ್ರವೇಶವಿಲ್ಲ, ‘ಡಬ್ಬಿಗೆ ದರ ಎಷ್ಟ ಆತು?’ ಎಂದರೆ ಯಾರೂ ಪಾತ್ರೆಯ ಬೆಲೆ ಹೇಳುವುದಿಲ್ಲ. ‘ತೊಟ್ಟು’ ಕೂಡ ಹಾಗೆ. ನೀರಿನ ತೊಟ್ಟು ಹನಿ, ಬಟ್ಟೆ ತೊಟ್ಟು ಬಂದದ್ದು ಉಡುಪು. ಇಲ್ಲಿ ರಾಶಿಯ ಮುಂದೆ ಕುಳಿತ ಹೆಂಗಸರ ಕೈಯಲ್ಲಿ ಮುರಿಯುವುದು ಕಾಯಿಯ ತುದಿಯ ಹಸಿರು ಬಾಲ. ಕಸುಬು ಪದವನ್ನು ತನ್ನ ಕಡೆ ಎಳೆದುಕೊಂಡು ಅಲ್ಲಿ ಉಳಿದ ಅರ್ಥಗಳನ್ನು ಹೊರಗಿಡುತ್ತದೆ. ಅದೇ ಕಾರಣಕ್ಕೆ ಈ ಪದಗಳಿಗೆ ಬದಲಿ ಹುಡುಕುವ ಅಗತ್ಯ ಬ್ಯಾಡಗಿಗೆ ಬೀಳಲಿಲ್ಲ.

ಶೇಂಗಾದ ಕಥೆ ಇದಕ್ಕೆ ವಿರುದ್ಧ. ದಕ್ಷಿಣದಲ್ಲಿ ಹೊಸ ಬೆಳೆಗೆ ‘ಕಡಲೆಕಾಯಿ’ ಎಂಬ ಹೆಸರು ಬಂತು, ಕರಾವಳಿಯಲ್ಲಿ ‘ನೆಲಗಡಲೆ’. ಹಾವೇರಿ, ಧಾರವಾಡ, ಗದಗಿನ ಎರಿ ಹೊಲಗಳಲ್ಲಿ ಕಡಲೆ ಹಿಂಗಾರಿನ ಮುಖ್ಯ ಬೆಳೆ. ಒಂದೇ ರೈತ ಮುಂಗಾರಿಗೆ ಒಂದನ್ನು, ಹಿಂಗಾರಿಗೆ ಇನ್ನೊಂದನ್ನು ಬಿತ್ತಿ, ಎರಡನ್ನೂ ಅದೇ ಅಂಗಡಿಗೆ ಒಯ್ಯುವ ಕಡೆ ಎರಡಕ್ಕೂ ‘ಕಡಲಿ’ ಎಂದರೆ ಲೆಕ್ಕವೇ ತಪ್ಪೀತು. ಈ ಸೀಮೆ ಮರಾಠಿಯಿಂದ, ಸಿಪ್ಪೆಗಾಯಿ ಎಂಬ ಅರ್ಥದ ‘ಶೇಂಗ’ವನ್ನು ತಂದುಕೊಂಡು ಕಡಲೆಯನ್ನು ಶುಭ್ರವಾಗಿ ಉಳಿಸಿಕೊಂಡಿತು. ಜೋಳದ ವಿಷಯದಲ್ಲೂ ಅದೇ. ‘ಜೋಳವಾಳಿ’ ಎಂಬ ಹಳಗನ್ನಡದ ಮಾತು, ಅನ್ನದ ಋಣ ತೀರಿಸುವ ಯೋಧನ ನಿಷ್ಠೆ, ಗೋವಿನಜೋಳ ಈ ನೆಲಕ್ಕೆ ಬರುವ ಶತಮಾನಗಳ ಮೊದಲೇ ಇತ್ತು. ಆ ಜೋಳ ರೊಟ್ಟಿಯದೇ. ಜೋಳದ ರೊಟ್ಟಿ ದಿನದ ಊಟವಾದ ಕಡೆ ಆ ಹೆಸರನ್ನು ಹೊಸಬರಿಗೆ ಬಿಟ್ಟುಕೊಡಲು ಸಾಧ್ಯವಿರಲಿಲ್ಲ, ‘ಗೋವಿನ’ ಎಂಬ ಗುರುತು ಹಚ್ಚಲೇಬೇಕಾಯಿತು. ರಾಗಿ ಉಣ್ಣುವ ಕಡೆ ಹಳೆಯ ಜೋಳದ ಹಿಡಿತ ಸಡಿಲವಾಗಿತ್ತು, ಪೇಟೆಯ ಮಾತಿನಲ್ಲಿ ಹೆಸರು ಹೊಸದರ ಪಾಲಾಯಿತು. ಯಾವ ಬೆಳೆ ಜನರ ಬದುಕಿಗೆ ಹತ್ತಿರವೋ ಅದು ಬರಿಯ ಹೆಸರನ್ನು ಇಟ್ಟುಕೊಳ್ಳುತ್ತದೆ. ದೂರದ್ದು ವಿಶೇಷಣ ಹೊರಬೇಕಾಗುತ್ತದೆ.

ಇಷ್ಟೆಲ್ಲ ಅಗತ್ಯದಿಂದಲೇ ಆಗುತ್ತದೆ ಎಂದರೆ ರಾಜಕೀಯ ಚರಿತ್ರೆಗೆ ಪಾತ್ರವಿಲ್ಲವೇ ಎಂದು ಕೇಳಬಹುದು. ಇದೆ. 1956ರವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದವು, ಹೊಳೆಯಾಚೆಯ ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ಇತ್ತ ಮಾಮಲೇದಾರ, ಅತ್ತ ಅಮಲ್ದಾರ. ಇಂದಿಗೂ ಜಮೀನಿನ ದಾಖಲೆಗೆ ಈ ಕಡೆಯವರು ‘ಉತಾರ’ ಎನ್ನುತ್ತಾರೆ, ಆ ಕಡೆಯವರು ‘ಪಹಣಿ’ ಎನ್ನುತ್ತಾರೆ. ಇಂಥ ಪದಜೋಡಿಗಳು ಕಚೇರಿಯಿಂದ ಇಳಿದವು, ಅರ್ಥದ ಘರ್ಷಣೆಯಿಂದ ಹುಟ್ಟಿದವಲ್ಲ. ನನ್ನ ವಾದ ಎಲ್ಲ ಸಮಾನಾರ್ಥಗಳಿಗೂ ಅನ್ವಯಿಸುತ್ತದೆ ಎಂದು ಹೇಳಿದರೆ ಅತಿಯಾದೀತು. ಆದರೆ ಶೇಂಗಾ ಮರಾಠಿಯದು ಎಂಬುದರಿಂದ ವಾದ ಸಡಿಲವಾಗುವುದಿಲ್ಲ. ಹೊರಗಿನ ಪದ ಕೈಗೆ ಸಿಗುವಂತೆ ಮಾಡಿದ್ದು ಆಡಳಿತ ಮತ್ತು ವ್ಯಾಪಾರದ ನಂಟು. ಸಿಕ್ಕ ಎಷ್ಟೋ ಪದಗಳಲ್ಲಿ ಇದನ್ನೇ ಒಳಗೆ ಕರೆದು ಕೂರಿಸಿದ್ದು ಹೊಲದ ಅಗತ್ಯ.

ಇನ್ನು ಎರಡು ಆಕ್ಷೇಪಗಳು ಉಳಿಯುತ್ತವೆ, ಮತ್ತು ಅವು ಒಂದಕ್ಕೊಂದು ವಿರುದ್ಧವಾಗಿವೆ. ಸಂದರ್ಭವೇ ಎಲ್ಲವನ್ನೂ ಬಗೆಹರಿಸುವಾಗ ಈ ಚರ್ಚೆ ಯಾಕೆ ಎನ್ನುವವರು ಕೆಲವರು. ಒಂದು ವಸ್ತುವಿಗೆ ರಾಜ್ಯಕ್ಕೆಲ್ಲ ಒಂದೇ ಪದ ಗೊತ್ತುಮಾಡಿ ಮುಗಿಸಿ ಎನ್ನುವವರು ಕೆಲವರು. ಮೊದಲನೆಯವರಿಗೆ ಹೇಳಬೇಕಾದದ್ದು: ಸಂದರ್ಭ ಇರುವುದು ಎದುರುಬದುರು ಮಾತಿನಲ್ಲಿ. ಹೊಲದಲ್ಲಿ ಬೆರಳು ತೋರಿಸಬಹುದು, ಅಂಗಡಿಯಲ್ಲಿ ಚೀಲ ಬಿಚ್ಚಬಹುದು. ಆದರೆ ಬೆಳೆ ಸಮೀಕ್ಷೆಯ ನಮೂನೆಯಲ್ಲಿ, ವಿಮೆಯ ಅರ್ಜಿಯಲ್ಲಿ, ಕೀಟನಾಶಕದ ಬಾಟಲಿಯ ಮೇಲೆ, ಫೋನಿಗೆ ಬರುವ ಸಂದೇಶದಲ್ಲಿ ಬೆರಳೂ ಇಲ್ಲ, ಚೀಲವೂ ಇಲ್ಲ, ಒಂಟಿ ಪದವಷ್ಟೇ ಇರುತ್ತದೆ. ಜೋಳ ಮತ್ತು ಮುಸುಕಿನ ಜೋಳ ಅಲ್ಲಿ ಎರಡು ಬೇರೆ ಬೆಳೆ. ಹೆಸರು ತಪ್ಪಿ ಬಿದ್ದರೆ ದಾಖಲೆಯಲ್ಲಿ ಬೆಳೆಯೇ ಬೇರೆಯಾಗುತ್ತದೆ. ‘ಗೋವಿನಜೋಳ’ ಎಂದೇ ಬದುಕಿಡೀ ಹೇಳಿದ ರೈತ ತನ್ನದಲ್ಲದ ಪದವನ್ನು ಗುರುತಿಸಿ ಅದರ ಮುಂದೆ ಗುರುತು ಹಾಕಬೇಕು. ಎರಡನೆಯವರಿಗೆ ಹೇಳಬೇಕಾದದ್ದು: ಆ ಒಂದು ಪದ ಯಾರದು? ‘ಕಡಲೆಕಾಯಿ’ಯನ್ನು ಎಲ್ಲರ ಮೇಲೂ ಹೇರಿದರೆ ಬೆಂಗಳೂರಿಗೆ ನಷ್ಟವಿಲ್ಲ, ಕಡಲೆ, ಶೇಂಗಾ ಎರಡನ್ನೂ ಬೆಳೆಯುವ ಸೀಮೆ ತಾನು ಬಿಡಿಸಿಕೊಂಡ ಗಂಟನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳಬೇಕಾಗುತ್ತದೆ. ಏಕರೂಪತೆ ಬಂದರೆ ಗೊಂದಲ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಮಧ್ಯದ ದಾರಿ ಇದೆ, ನೆರೆಯವರು ಅದನ್ನು ಆಗಲೇ ತುಳಿದಿದ್ದಾರೆ. ಭದ್ರಿರಾಜು ಕೃಷ್ಣಮೂರ್ತಿ ಅವರು ಊರೂರಿನ ರೈತರ ಮಾತು ಸಂಗ್ರಹಿಸಿ ಸಿದ್ಧಪಡಿಸಿದ ತೆಲುಗಿನ ಮಾಂಡಲಿಕ ವೃತ್ತಿಪದಕೋಶದ ಕೃಷಿ ಸಂಪುಟ 1962ರಲ್ಲೇ ಪ್ರಕಟವಾಯಿತು. ಯಾವ ಸಲಕರಣೆಗೆ, ಯಾವ ಬೆಳೆಗೆ, ಯಾವ ಸೀಮೆಯಲ್ಲಿ ಏನು ಹೆಸರು ಎಂಬುದು ಅದರಲ್ಲಿದೆ. ನಮ್ಮಲ್ಲಿ ಕಿಟ್ಟೆಲ್ ಅವರ 1894ರ ನಿಘಂಟಿದೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ; ಅವು ಮುಖ್ಯವಾಗಿ ಗ್ರಂಥಗಳ ಕನ್ನಡವನ್ನು ಕಾಪಾಡಿದವು. ಹೊಲ, ಹಟ್ಟಿ, ಮಾರುಕಟ್ಟೆಯ ಕನ್ನಡಕ್ಕೆ ಹೋಬಳಿ ಮಟ್ಟದ ಪಟ್ಟಿ ಬೇಕು. ಅದನ್ನು ಮಾಡಬಲ್ಲ ಸಂಸ್ಥೆಗಳು ಹಾವೇರಿ ಜಿಲ್ಲೆಯಲ್ಲೇ ಇವೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಿವೆ. ಜನರ ಮಾತು ಬಲ್ಲವರೂ ಬೆಳೆ ಬಲ್ಲವರೂ ಒಂದು ತಾಸಿನ ಹಾದಿಯೊಳಗಿದ್ದಾರೆ. ಎರಡೂ ಕಡೆಯವರು ಕೂಡಿ ಮೂರು ತಾಲ್ಲೂಕುಗಳಿಂದಾದರೂ ಆರಂಭಿಸಲಿ. ಅಲ್ಲಿಯವರೆಗೆ ಕೃಷಿ ಇಲಾಖೆ ಒಂದು ಸಣ್ಣ ಕೆಲಸ ಮಾಡಬಹುದು, ಅದಕ್ಕೆ ಸಮಿತಿಯೂ ಬೇಡ, ಅನುದಾನವೂ ಬೇಡ: ಹಾವೇರಿ ಜಿಲ್ಲೆಗೆ ಅಚ್ಚಾಗುವ ನಮೂನೆಗಳಲ್ಲಿ ‘ಮುಸುಕಿನ ಜೋಳ’ದ ಪಕ್ಕದಲ್ಲಿ ‘ಗೋವಿನಜೋಳ’ ಎಂದೂ, ‘ನೆಲಗಡಲೆ’ಯ ಪಕ್ಕದಲ್ಲಿ ‘ಶೇಂಗಾ’ ಎಂದೂ, ‘ಪಹಣಿ’ಯ ಪಕ್ಕದಲ್ಲಿ ‘ಉತಾರ’ ಎಂದೂ ಬರೆಯಲಿ.